ಗಂಜಿಯಣ್ಣನ ಉಗುರು

ಅವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಮಗಳ ಬಾಯಿಂದ. ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ನಗತೊಡಗಿದಳು.

“ಅಮ್ಮಾ, ನಮ್ಮ ಗಂಜಿಯಣ್ಣನಿಗೆ ತಲೆ ಕೆಟ್ಟಿದೆ. ಇಲ್ಲಿ ಕೂತ್ಕೊಂಡು ನಮ್ಮ ದೇಶದ ಚುನಾವಣೇಲಿ ಓಟು ಹಾಕ್ಬೇಕಂತೆ. ಎಲ್ಲರ ಹತ್ರ ಸಹಿ ಕೇಳ್ಕೊಂಡು ತಿರುಗ್ತಿದ್ದಾರೆ.”

“ಇಲ್ಲಿಂದ ಅಲ್ಲಿಗಾ? ಕೈ ಅಷ್ಟು ಉದ್ದ ಇದೆಯಾ ಅವರದು?” ಎಂದೆ.

ಯಜಮಾನರು ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ನಾನು ಈ ಪರದೇಶಕ್ಕೆ ಬಂದಿದ್ದೆ. ಮಗಳು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹಾಸಿಗೆಯ ಹಾಸು ಮಡಚುತ್ತಿದ್ದಳು. ಗಂಜಿಯಣ್ಣ ಅಲ್ಲಿಯೇ ಕಾಲರಿಗೆ, ತೋಳಿನ ಪಟ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವವರು. ಮೀಸೆ ಚಿಗುರುವ ಮೊದಲೇ ಸೋದರಮಾವನ ಹಿಂದೆ ಬಂದವರಿಗೆ ಈಗ ತಲೆಯೆಲ್ಲ ಬೆಳ್ಳಗಾಗಿತ್ತು. ಮದುವೆಯಿಲ್ಲ. ಊರಲ್ಲಿ ಒಬ್ಬಳು ಅಕ್ಕ, ಅಷ್ಟೆ.

ಮನೆಯಲ್ಲಿ ಗೋಡೆ ನೋಡಿ ನೋಡಿ ಬೇಸರವಾಗಿ ನಾನೂ ಗುಂಡಿ ಹೊಲಿಯುವ ಕೆಲಸಕ್ಕೆ ಅಲ್ಲಿಗೇ ಸೇರಿದೆ. ಕಿಟಕಿಯಿಲ್ಲದ ಕೋಣೆ, ಮಳೆಗಾಲದ ಮೋಡ ಒಳಗೇ ಬಂದಂತೆ ಹಬೆ, ಗಡಗಡ ತಿರುಗುವ ಡ್ರಮ್ಮುಗಳು. ಹಾಸುಗಳ ಮೂಲೆಯಲ್ಲಿ ಹೋಟೆಲಿನ ಗುರುತು ಬರೆಯಲು ಒಂದು ಕಪ್ಪು ಶಾಯಿ ಇರುತ್ತಿತ್ತು. ಕುದಿಯುವ ನೀರಿಗೂ ಅದು ಜಗ್ಗುತ್ತಿರಲಿಲ್ಲ.

ನಾನು ಕೂತ ಸ್ಟೂಲು ಬಿಸಿಯಾಗುವ ಮೊದಲೇ ಗಂಜಿಯಣ್ಣ ಎದುರಿಗೆ ಬಂದು ನಿಂತರು. ಅವರ ಸ್ವಂತ ಅಂಗಿಯೂ ಕಾಗದದ ಹಾಗೆ ಸೆಟೆದಿತ್ತು.

“ಅಮ್ಮ, ನೀವು ನಿಜವಾಗ್ಲೂ ಓಟು ಹಾಕಿದ್ದೀರಂತೆ?”

ನಾನೇನೋ ಹುಲಿ ಹೊಡೆದು ಬಂದವಳಂತೆ ಕೇಳಿದರು.

“ಪ್ರತಿ ಸಲಾನೂ ಹಾಕಿದೀನಪ್ಪ. ನಮ್ಮ ಯಜಮಾನರು ದಾರಿಯುದ್ದಕ್ಕೂ ಯಾರಿಗೆ ಒತ್ತಬೇಕು ಅಂತ ಹೇಳ್ಕೊಡ್ತಾ ಇದ್ರು. ಹೂಂ ಹೂಂ ಅಂತಿದ್ದೆ. ಒಳಗೆ ಹೋಗಿ ನನಗೆ ಬೇಕಾದೋರಿಗೆ ಒತ್ತಿ ಬರ್ತಿದ್ದೆ.”

“ಯಾರೂ ನೋಡ್ತಿರ್ಲಿಲ್ವಾ?”

“ಅಡ್ಡ ರಟ್ಟು ಇಟ್ಟಿರ್ತಾರಲ್ಲ.”

“ಹಾಗಾದ್ರೆ ಆ ರಟ್ಟಿನ ಹಿಂದೆ ಇರೋವಷ್ಟು ಹೊತ್ತು ಯಾರ ಮಾತೂ ಕೇಳ್ಬೇಕಾಗಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡು ಹೊರಟುಹೋದರು.

ಅವರ ಸಂಕಟ ನನಗೆ ಮೆಲ್ಲಗೆ ತಿಳಿಯಿತು. ಅಕ್ಕನ ಮನೆಯ ವಿಳಾಸದಲ್ಲಿ ಅವರ ಹೆಸರು ಮತದಾರರ ಪಟ್ಟಿಯಲ್ಲಿತ್ತು. ಆದರೆ ಓಟು ಹಾಕಬೇಕಾದರೆ ಖುದ್ದಾಗಿ ಹೋಗಿ ನಿಲ್ಲಬೇಕು. ರಜೆ ಸಿಕ್ಕಾಗ ಚುನಾವಣೆ ಇಲ್ಲ, ಚುನಾವಣೆ ಬಂದಾಗ ರಜೆ ಇಲ್ಲ. ಹೀಗೆ ಒಂದು ಆಯುಷ್ಯವೇ ಕಳೆದಿತ್ತು. ಸಾಯುವುದರೊಳಗೆ ಒಂದೇ ಒಂದು ಓಟು ಹಾಕಬೇಕು, ತಮ್ಮ ಹಾಗೆ ದೂರ ಇರುವವರೆಲ್ಲ ಇದ್ದಲ್ಲಿಂದಲೇ ಹಾಕುವಂತಾಗಬೇಕು, ಇಷ್ಟೇ ಅವರ ಹಟ.

ಲಾಂಡ್ರಿ ವ್ಯಾನು ಓಡಿಸುವ ನಮ್ಮ ಕಡೆಯ ಡ್ರೈವರ್ ಮಾತ್ರ ಬಿಡುತ್ತಿರಲಿಲ್ಲ. “ಅಲ್ಲಿ ನಲ್ಲೀಲಿ ನೀರು ಬರ್ದಿದ್ರೆ ಇಲ್ಲಿ ನಿಮ್ಗೇನು ಬಾಯಾರುತ್ತಾ?”

“ನಮ್ಮಕ್ಕ ಕೊಡ ಹಿಡ್ಕೊಂಡು ನಿಲ್ತಾಳಪ್ಪ.”

“ಮತ್ತೆ ಅಕ್ಕನೇ ಹಾಕ್ಲಿ ಓಟು!”

“ಅವಳು ನಾನು ಕಳಿಸಿದ ದುಡ್ಡಲ್ಲೇ ಮನೆಗಂದಾಯ ಕಟ್ತಾಳೆ. ಕಂದಾಯಕ್ಕೆ ನಾನು ಬೇಕು, ಓಟಿಗೆ ಬೇಡ್ವಾ?”

ಗಂಜಿಯಣ್ಣ ಹೇಳಿದಾಗ ಅದು ಸರಿ ಎನಿಸುತ್ತಿತ್ತು. ಡ್ರೈವರ್ ಹೇಳಿದಾಗ ಅದೂ ಸರಿಯೇ. ನಾನು ಇಬ್ಬರಿಗೂ ತಲೆ ಆಡಿಸುತ್ತಿದ್ದೆ. “ಅಮ್ಮನ ತಲೆ ಟೇಬಲ್ ಫ್ಯಾನು, ಎಲ್ಲಾ ಕಡೆಗೂ ಗಾಳಿ,” ಎಂದು ಮಗಳು ಕಿಚಾಯಿಸುತ್ತಿದ್ದಳು. ಏನು ಮಾಡಲಿ? ಇಲ್ಲಿ ಉಣ್ಣುವವರು ಅಲ್ಲಿನವರೋ ಇಲ್ಲಿನವರೋ ಎನ್ನುವುದರ ತಲೆಬುಡ ನನಗೆ ಹೊಳೆಯುತ್ತಿರಲಿಲ್ಲ. ಅಲ್ಲಿ ಬೀಗ ಹಾಕಿದ ನನ್ನ ಮನೆಯ ಕೀಲಿ ಇಲ್ಲಿ ನನ್ನ ಸೊಂಟದಲ್ಲೇ ತೂಗುತ್ತಿತ್ತು.

ಅಷ್ಟರಲ್ಲಿ ಊರಲ್ಲಿ ಚುನಾವಣೆ ಘೋಷಣೆಯಾಯಿತು. ಬೇರೆ ಬೇರೆ ಪಟ್ಟಣಗಳಲ್ಲಿದ್ದ ನಮ್ಮವರೆಲ್ಲ ಬೆರಳಿಗೆ ಶಾಯಿ ಹಚ್ಚಿಕೊಂಡು ಫೋಟೋ ತೆಗೆಸಿ ಪತ್ರಿಕೆಗಳಿಗೆ ಕಳಿಸಬೇಕೆಂದು ಮಾತಾಯಿತಂತೆ. ನಾವು ತಯಾರಿದ್ದೇವೆ, ನೀವು ದಾರಿ ಮಾಡಿಕೊಡಿ ಎಂದು ತೋರಿಸುವುದಕ್ಕೆ. ಗಂಜಿಯಣ್ಣ ಊಟದ ಬಿಡುವಿನಲ್ಲಿ ಲಾಂಡ್ರಿಯನ್ನೇ ಮತಗಟ್ಟೆ ಮಾಡಿದರು. ಕೊಳೆಬಟ್ಟೆಯ ಬುಟ್ಟಿ ಮತಪೆಟ್ಟಿಗೆ. ನೆಟ್ಟಗೆ ನಿಲ್ಲಿಸಿದ ಇಸ್ತ್ರಿ ಹಲಗೆ ಮರೆ. ಶಾಯಿಗೆ ಎಲ್ಲಿ ಹೋಗುವುದು? ಹಾಸುಗಳಿಗೆ ಗುರುತು ಹಾಕುವ ಶಾಯಿಯೇ ಆಯಿತು.

ಯಾವ ಬೆರಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ನಾನೇ ಅಧಿಕಾರಿ.

“ಎಡಗೈ ತೋರುಬೆರಳು. ಅರ್ಧ ಉಗುರಿಗೆ, ಅರ್ಧ ಚರ್ಮಕ್ಕೆ,” ಎಂದೆ.

“ಮೊದಲು ನಂಗೆ,” ಎಂದು ಗಂಜಿಯಣ್ಣ ಕೈ ಚಾಚಿದರು.

ಎಲ್ಲರದ್ದೂ ಮುಗಿದ ಮೇಲೆ ಟವೆಲು ಮಡಚುವ ಹೆಂಗಸು ನನ್ನ ಕಿವಿಯಲ್ಲಿ, “ಅಮ್ಮ, ಈಗ ನನ್ನ ಓಟು ಬಿತ್ತಾ?” ಎಂದಳು.

“ಇಲ್ಲಮ್ಮ, ಇದು ಸುಮ್ನೆ,” ಎಂದರು ಪಕ್ಕದಲ್ಲೇ ಇದ್ದ ಗಂಜಿಯಣ್ಣ.

“ಸುಮ್ನೆ ಆದ್ರೆ ಈ ಮಸಿ ಯಾಕೆ ಹೋಗ್ತಾ ಇಲ್ಲ?”



ಫೋಟೋ ಪತ್ರಿಕೆಯಲ್ಲಿ ಬಂತು. ಹೋಟೆಲಿನ ಮ್ಯಾನೇಜರ್ ಗಂಜಿಯಣ್ಣನನ್ನು ಕರೆದಾಗ ಕೆಲಸ ಹೋಯಿತೆಂದೇ ನಾವೆಲ್ಲ ಅಂದುಕೊಂಡೆವು. ಅವರು ಹೊರಬಂದಾಗ ಕಣ್ಣು ಕಣ್ಣು ಬಿಡುತ್ತಿದ್ದರು. “ರಜೆ ಕೊಟ್ರು. ಹೋಗಿ ಹಾಕ್ಬಿಟ್ಟು ಬಾ, ಇಲ್ಲಿ ಸರ್ಕಸ್ ಸಾಕು ಅಂದ್ರು.”

ಡ್ರೈವರೇ ಓಡಾಡಿ ಟಿಕೆಟ್ ತಂದ. ಗಂಜಿಯಣ್ಣ ಲಾಂಡ್ರಿಯಲ್ಲಿದ್ದ ಕಲೆ ತೆಗೆಯುವ ಔಷಧಿಗಳನ್ನೆಲ್ಲ ಹಾಕಿ ಬೆರಳು ತಿಕ್ಕಿದರು. ಚರ್ಮದ ಶಾಯಿ ಹೋಯಿತು, ಉಗುರಿನಲ್ಲಿ ಕಪ್ಪು ಗೆರೆ ಉಳಿಯಿತು. “ಯಾರು ದುರ್ಬೀನು ಹಾಕಿ ನೋಡ್ತಾರೆ, ಹೋಗಿ,” ಎಂದ ಡ್ರೈವರ್. ನಮಗೂ ಅದು ದೊಡ್ಡದೆನಿಸಲಿಲ್ಲ. ನಮ್ಮ ಕೈಗಳಲ್ಲಿ ಎಂದೂ ಯಾವುದೋ ಕಲೆ ಇದ್ದದ್ದೇ. ಕಲೆ ಹುಡುಕುವ ನಮ್ಮ ಕಣ್ಣು ಬಟ್ಟೆಯ ಮೇಲಷ್ಟೇ.

ಹೋದವರು ರಜೆ ಮುಗಿಯುವ ಮೊದಲೇ ಬಂದುಬಿಟ್ಟರು. ಬಂದವರೇ ಒಂದು ಕಾಲರಿಗೆ ಗಂಜಿ ಸಿಂಪಡಿಸುತ್ತಾ ಕೂತರು. ಅದು ತೊಟ್ಟಿಕ್ಕುತ್ತಿದ್ದರೂ ನಿಲ್ಲಿಸಲಿಲ್ಲ. ನಾನೇ ಹೋಗಿ ಕೈ ಹಿಡಿದೆ.

“ಕ್ಯೂನಲ್ಲಿ ನಿಂತೆ, ಅಮ್ಮ. ಅಕ್ಕ ಹಿಂದೆ ಇದ್ಲು. ಹೆಸರು ಕೂಗಿದ್ರು. ಕೈ ತೋರಿಸಿ ಅಂದ್ರು, ತೋರಿಸ್ದೆ. ಆಗ್ಲೇ ಹಾಕಿದ್ದೀರಲ್ಲ ಅಂದ್ರು.”

“ಲಾಂಡ್ರಿ ಮಸಿ ಅಂತ ಹೇಳ್ಬಾರ್ದಿತ್ತಾ?”

“ಹೇಳ್ದೆ. ಎಲ್ಲರೂ ನಕ್ಕರು. ಅಕ್ಕ ಜಗಳಕ್ಕೇ ನಿಂತ್ಲು. ನನ್ನ ತಮ್ಮ ಮೊನ್ನೆ ತಾನೆ ವಿಮಾನ ಇಳಿದಿದಾನೆ, ಇನ್ನೆಲ್ಲಿ ಹಾಕಿರ್ತಾನೆ ಅಂದ್ಲು. ಹಾಗಾದ್ರೆ ಅಲ್ಲೇ ಹಾಕಿ ಬಂದಿರ್ಬೇಕು ಅಂದ್ರು.” ಅವರು ನನ್ನನ್ನೇ ದಿಟ್ಟಿಸಿದರು. “ಇಲ್ಲಿಂದ ಹಾಕೋಕಾಗಲ್ಲ ಅಂತ ಅಲ್ಲಿಗೆ ಹೋದೆ. ಅಲ್ಲಿ ಹೋದ್ರೆ, ಇಲ್ಲೇ ಹಾಕಿ ಬಂದಿದ್ದೀಯ ಅಂತಾರೆ. ನಾನು ಹಾಕಿದೀನಾ ಅಮ್ಮ, ಹಾಕಿಲ್ವಾ?”

ರಟ್ಟಿನ ಮರೆ ಕಣ್ಣಿಗೆ ಕಾಣುತ್ತಿತ್ತಂತೆ. ನಾಲ್ಕು ಹೆಜ್ಜೆ ಹೋದರೆ ಸಿಗುತ್ತಿತ್ತಂತೆ.

ಆಮೇಲೂ ಅವರು ಸಹಿ ಕೇಳುವುದನ್ನು ಬಿಡಲಿಲ್ಲ. ಸರ್ಕಾರ ಪರಿಶೀಲಿಸುತ್ತಿದೆ ಎಂದು ಒಮ್ಮೆ ಸುದ್ದಿ ಬಂತು. ಪರಿಶೀಲಿಸುವುದೆಂದರೆ ಕೊಡುವುದೋ ಕೊಡದಿರುವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸದ ನಡುವೆ ಅವರು ಉಗುರನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದರು. ಗೆರೆ ನಿಧಾನವಾಗಿ ತುದಿಯ ಕಡೆಗೆ ಸರಿಯುತ್ತಿತ್ತು. ಅಷ್ಟರಲ್ಲಿ ಕೆಮ್ಮು ಹತ್ತಿತು. ಆ ಹಬೆ, ಆ ಔಷಧಿಗಳನ್ನು ಎದೆ ಎಷ್ಟು ವರ್ಷ ತಡೆದೀತು?

ಆಸ್ಪತ್ರೆಗೆ ಮಗಳೊಂದಿಗೆ ಹೋಗಿದ್ದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಹಾಸಿನ ಅಂಚನ್ನು ಬೆರಳಲ್ಲಿ ಉಜ್ಜಿ, “ಗಂಜಿ ಏನೂ ಸಾಲದು ಇದಕ್ಕೆ,” ಎಂದು ಮೂಗು ಮುರಿದರು. ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು. ಎಡಗೈಯ ತೋರುಬೆರಳಿಗೆ ಉಸಿರು ಅಳೆಯುವ ಕ್ಲಿಪ್ಪೊಂದನ್ನು ಸಿಕ್ಕಿಸಿದ್ದರು. ಅವರು ಅದನ್ನು ಕಿತ್ತು ಪಕ್ಕಕ್ಕಿಟ್ಟರು. ತಲೆಯ ಹತ್ತಿರದ ಯಂತ್ರ ಕಿಯೋ ಎಂದು ಅರಚಿಕೊಳ್ಳತೊಡಗಿತು. ಬಾಗಿಲಲ್ಲಿ ನರ್ಸಮ್ಮನ ಹೆಜ್ಜೆ ಕೇಳಿತು. ಅವರಿಗೆ ಅದು ಯಾವುದರ ಪರಿವೆಯೂ ಇಲ್ಲ, ಬೆರಳನ್ನು ನನ್ನ ಕನ್ನಡಕದ ಹತ್ತಿರ ತಂದರು.

“ಅಮ್ಮ, ನಂಗೆ ಸರಿಯಾಗಿ ಕಾಣಲ್ಲ. ನೀವು ಅಧಿಕಾರಿ, ನೀವೇ ನೋಡಿ ಹೇಳಿ. ಈಗ ಇದ್ರಲ್ಲಿ ಏನೂ ಇಲ್ಲ ತಾನೆ? ಈಗ ಹೋದ್ರೆ ಬಿಡ್ತಾರಾ?”