ಕೊನೆಯ ದೃಶ್ಯ ಕಾಣದ ಊರು

ಕುವೈತನ್ನು ದೇಶ ಎನ್ನುತ್ತಾರೆ. ಇಷ್ಟು ವರ್ಷ ಇದ್ದರೂ ನನಗೆ ಇದೊಂದು ಸಣ್ಣ ಊರಾಗಿಯೇ ಕಂಡಿದೆ. ಬೆಳಿಗ್ಗೆ ಫರ್ವಾನಿಯಾದ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತ ನಾನೊಮ್ಮೆ ಕೆಮ್ಮಿದರೆ, ಸಂಜೆಗೆ ಊರಿನ ಇನ್ನೊಂದು ತುದಿಯಿಂದ ಫೋನು ಬರುತ್ತದೆ: "ಆರಾಮ ಇಲ್ಲಂತಲ್ರೀ?" ಇಂಥ ಊರಿನಲ್ಲಿ ರಜೆ ಬಂತೆಂದರೆ ನಮ್ಮ ಕನ್ನಡದ ಮಂದಿ ಮಾಲ್‌ಗೆ ಹೋಗಿ, ಅಲ್ಲಿಗೆ ಬಂದ ಬೇರೆ ಕನ್ನಡದ ಮಂದಿಯನ್ನು ನೋಡಿ, ನೋಡದವರಂತೆ ಮುಂದೆ ಸಾಗುತ್ತಾರೆ.

ನನಗೆ ಬೇರೆ ಎರಡು ಚಟ. ಒಂದು, ಕಡಲ ದಂಡೆಯ ಕಡೆ ಸಂಗ್ರಹಾಲಯ ಮಾಡಿ ಉಳಿಸಿಟ್ಟಿರುವ ಹಳೇ ಮನೆಗಳನ್ನು ನೋಡುವುದು. ಇನ್ನೊಂದು, ನಾಟಕ. ಶುಐಬಾದ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿರುವ ನನ್ನ ಗಂಡ ಎರಡರ ಬಗ್ಗೆಯೂ ಒಂದೇ ಪ್ರಶ್ನೆ ಕೇಳುತ್ತಾರೆ: "ಒಳಗ ಎ.ಸಿ. ಐತೇನು?"

ನಾಟಕ ಅಂದರೆ ನಮ್ಮ ಸಂಘದ ವಾರ್ಷಿಕ ನಾಟಕ. ಬರೆಯುವವಳೂ ಆಡಿಸುವವಳೂ ನಾನೇ. ಬೇರೆ ಯಾರೂ ಮುಂದೆ ಬಂದಿಲ್ಲ, ಅಷ್ಟೇ. ನಾಟಕ ನಡೆಯುವುದು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ. ಒಂಬತ್ತಕ್ಕೆ ಖಾಲಿ ಮಾಡಲೇಬೇಕು. ಒಂಬತ್ತಾಗುತ್ತಿದ್ದಂತೆ ಹಾರಿಸ್, ಅಂದರೆ ಶಾಲೆಯ ಕಾವಲುಗಾರ, ಮುಖ ಮೂತಿ ನೋಡದೆ ಮೇನ್ ಸ್ವಿಚ್ ಎಳೆಯುತ್ತಾನೆ. ಅಷ್ಟರೊಳಗೆ ದೀಪ ಬೆಳಗಬೇಕು, ದುಡ್ಡು ಕೊಟ್ಟವರೆಲ್ಲ ಎರಡು ಮಾತಾಡಬೇಕು, ಪ್ರತಿ ಸದಸ್ಯರ ಪ್ರತಿ ಮಗುವೂ ಕುಣಿಯಬೇಕು, ಸನ್ಮಾನಗಳಾಗಬೇಕು. ಉಳಿದ ಹೊತ್ತು ಕಲೆಗೆ. ಹೀಗಾಗಿ ಕುವೈತಿನ ನಮ್ಮ ಜನ ಯಾವ ನಾಟಕದ ಕೊನೆಯನ್ನೂ ಕಂಡವರಲ್ಲ. ಒಂದು ವರ್ಷ ಕೊಲೆಗಾರ ಸಿಕ್ಕಿಬೀಳುವ ಮೊದಲೇ ದೀಪ ಆರಿತು. ಇನ್ನೊಂದು ವರ್ಷ ಮದುಮಕ್ಕಳು ಹಾರ ಹಿಡಿದು ಎದುರೆದುರು ನಿಂತಾಗ. ಆ ಪಾಪದವರ ಮದುವೆ ಇನ್ನೂ ಆಗಿಲ್ಲ.

ಇದರಿಂದ ಹೆಚ್ಚು ನಷ್ಟವಾದದ್ದು ನಮ್ಮ ಸಿಸ್ಟರ್‌ಗೆ. ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಮನೆಯವರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ. ಊರಿಗೆಲ್ಲ ಅವರು ಸಿಸ್ಟರ್. ನಾಟಕದಲ್ಲಿ ಮಾತ್ರ ಯಾವಾಗಲೂ ಅಜ್ಜಿ. ಅಜ್ಜಿಯ ದೊಡ್ಡ ಮಾತು ಬರುವುದು ಕೊನೆಯ ದೃಶ್ಯದಲ್ಲಿ. ಅಲ್ಲಿಗೆ ಅವರು ಒಮ್ಮೆಯೂ ತಲುಪಿರಲಿಲ್ಲ.

ಹೋದ ವರ್ಷ ಅವರು ನಿವೃತ್ತರಾಗಿ ಊರಿಗೆ ಮರಳುವುದು ಖಚಿತವಾಯಿತು. ನಮ್ಮ ಫ್ಲಾಟಿನಲ್ಲಿ ತಾಲೀಮು ಮುಗಿಸಿ ಚಹಾ ಕುಡಿಯುವಾಗ ಅವರು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಹೋದವರನ್ನು ಇಲ್ಲಿ ಯಾರು ನೆನಪು ಇಟ್ಕೊಳ್ತಾರೆ ಮಾರಾಯ್ತಿ? ವೀಸಾ, ಇಕಾಮಾ ಕ್ಯಾನ್ಸಲ್ ಆದ ದಿನ ಸಂಘದ ವಾಟ್ಸಾಪ್ ಗುಂಪಿನಿಂದಲೂ ಕ್ಯಾನ್ಸಲ್. ಆಮೇಲೆ ಒಂದು ಫೋನು ಇಲ್ಲ. ಈ ಸಲ ಒಮ್ಮೆ ಕೊನೆ ಸೀನ್ ಆಡ್ಬೇಕು. ಇಂಥವಳೊಬ್ಬಳು ಇದ್ದಳು ಅಂತ ಅಷ್ಟಾದ್ರೂ ಉಳೀಲಿ."

"ಆಡಸ್ತೀನ್ರಿ ಸಿಸ್ಟರ್. ಏನ ಆದ್ರೂ ಆಡಸ್ತೀನಿ," ಅಂದೆ ನಾನು. ಹಟ ಹಿಡಿದರೆ ನಾನು ಹೆಂಗಸಲ್ಲ, ಹೆಬ್ಬಂಡೆ ಎಂದು ನಮ್ಮವರು ಎಲ್ಲರೆದುರು ಹೇಳುವುದುಂಟು.

ಆ ವರ್ಷದ ನಾಟಕ ಒಂದು ಹಳೇ ಮನೆಯದು. ಅಜ್ಜಿ ಒಂದು ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಒಳಗೇನಿದೆ ಎಂದು ತಿಳಿಯಲು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಓಲೈಸುತ್ತಲೇ ಇರುತ್ತಾರೆ. ಕೊನೆಯ ದೃಶ್ಯದಲ್ಲಿ ಅಜ್ಜಿ ಬಾಗಿಲು ತೆಗೆಯುತ್ತಾಳೆ.

ಬಾಗಿಲು ಹೇಗಿರಬೇಕೆಂದು ತೋರಿಸಲು ಒಂದು ಶುಕ್ರವಾರ ಎಲ್ಲರನ್ನೂ ಹಳೇ ವ್ಯಾಪಾರಿಯೊಬ್ಬನ ಮನೆಗೆ ಕರೆದೊಯ್ದೆ. ಈಗ ಅದು ಸಂಗ್ರಹಾಲಯ. ನಡುವೆ ಅಂಗಳ, ಸುತ್ತ ಕೋಣೆಗಳು. ಅಡುಗೆಮನೆಯಲ್ಲಿ ಪ್ಲಾಸ್ಟರಿನ ಹೆಂಗಸು ಎಂದೂ ಬೇಯದ ಅನ್ನವನ್ನು ತಿರುವುತ್ತ ನಿಂತಿದ್ದಾಳೆ. ಗಂಡಸರು ಹರಟೆಗೆ ಸೇರುವ ದಿವಾನಿಯಾದಲ್ಲಿ ಪ್ಲಾಸ್ಟರಿನ ಗಂಡಸರು ದಿಂಬಿಗೊರಗಿ ಕೂತಿದ್ದಾರೆ. ಸಂಘದ ಅಧ್ಯಕ್ಷರು ಹಗ್ಗ ದಾಟಿ ಅವರ ನಡುವೆ ಕೂತು ಫೋಟೋ ತೆಗೆಸಿಕೊಂಡರು. ಆ ಫೋಟೋ ಗುಂಪಿಗೆ ಬಂದಾಗ ಅಧ್ಯಕ್ಷರು ಯಾರು, ಪ್ಲಾಸ್ಟರು ಯಾವುದು ಎಂದು ನನಗೆ ಥಟ್ಟನೆ ಗೊತ್ತಾಗಲಿಲ್ಲ. ನನ್ನ ಗಂಡ ಎ.ಸಿ.ಯ ಗಾಳಿಗೆ ಕೈಯೊಡ್ಡಿ, "ಗ್ಯಾಸ್ ಕಡಿಮಿ ಆಗೇತಿ," ಎಂದು ವರದಿ ಒಪ್ಪಿಸಿದರು.

ಸಿಸ್ಟರ್ ಮಾತ್ರ ಬಾಗಿಲ ಹತ್ತಿರವೇ ನಿಂತುಬಿಟ್ಟಿದ್ದರು. ದೊಡ್ಡ ಬಾಗಿಲು, ಅದರ ಹೊಟ್ಟೆಯಲ್ಲೊಂದು ಚಿಕ್ಕ ಬಾಗಿಲು. ಬಗ್ಗಿ ಒಳಬರಬೇಕು. ಅವರು ಆ ಮರವನ್ನು ಸವರುತ್ತ, "ಈ ತೇಗ ನಮ್ಮ ಕಡೆಯಿಂದ ಹಡಗಿನಲ್ಲಿ ಬಂದದ್ದಂತೆ. ಇದನ್ನಾದ್ರೂ ಇಲ್ಲಿ ಇಟ್ಕೊಂಡ್ರು ನೋಡು," ಎಂದರು. ಅಂಗಳದ ಮೂಲೆಯ ಒಂದು ಕೋಣೆಗೆ ಬೀಗ ಬಿದ್ದಿತ್ತು. ಒಳಗೇನುಂಟೆಂದು ಅಲ್ಲಿನ ಕಾವಲಿನ ಬಾಂಗ್ಲಾದ ಭಾಯಿಯನ್ನು ಕೇಳಿದರು. "ಬಂದ್ ಹೈ ಮೇಡಂ," ಎಂದಷ್ಟೇ ಆತ ಅಂದ. ಸಿಸ್ಟರ್ ನನ್ನ ಕಡೆ ನೋಡಿ ನಕ್ಕರು. ಅಜ್ಜಿಯ ಪಾತ್ರ ಅವರಿಗೆ ಆ ಹೊತ್ತೇ ಪೂರ್ತಿ ಹಿಡಿಯಿತು ಅಂದುಕೊಂಡೆ.

ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಪ್ಲೈವುಡ್ಡಿನ ಬಾಗಿಲು ಮಾಡಿಸಿದೆವು. ನಮ್ಮವರು ಬಣ್ಣ ಬಳಿದು, ನಿಜವಾದ ಬೀಗವನ್ನೇ ಜಡಿದರು. ಇನ್ನು ಉಳಿದದ್ದು ಅಧ್ಯಕ್ಷರು. "ಸನ್ಮಾನ ಇದ್ರ ನಾಟಕ ಇಲ್ಲ. ಯಾವದು ಬೇಕೋ ಹೇಳ್ರಿ," ಎಂದು ನೇರವಾಗಿಯೇ ಹೇಳಿದೆ.

"ಅಯ್ಯೋ, ನೀವು ಟೆನ್ಷನ್ ತಗೋಬೇಡಿ ಮೇಡಂ. ಈ ಸಲ ಸನ್ಮಾನಾನೇ ಇಟ್ಟಿಲ್ಲ. ಇನ್ವಿಟೇಷನ್ ನೋಡಿ ಬೇಕಾದ್ರೆ," ಎಂದರು. ನೋಡಿದೆ. ಇರಲಿಲ್ಲ. ಆ ಮನುಷ್ಯನ ಬಗ್ಗೆ ಮೊದಲ ಸಲ ನನಗೆ ಗೌರವ ಮೂಡಿತು. ಹಾಳಾಗಿ ಹೋಗಲಿ, ನಾನೂ ಮನುಷ್ಯಳೇ ತಾನೆ, ನಂಬಿದೆ.

ಆ ದಿನ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು. ದೀಪ ಒಂದೇ ಕಡ್ಡಿಗೆ ಹತ್ತಿತು. ಮಕ್ಕಳೂ ಬೇಗ ಕುಣಿದು ಇಳಿದರು. ನಾಟಕ ಶುರುವಾದಾಗ ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಸಿಸ್ಟರ್ ಬಿಳಿ ವಿಗ್ ತೊಟ್ಟು, ಬೆನ್ನು ಬಾಗಿಸಿ ಬಂದರೆ ಚಪ್ಪಾಳೆಯೋ ಚಪ್ಪಾಳೆ. ನಾನು ಬರೆದ ಧಾರವಾಡದ ಮಾತಿನ ನಡುವೆ ಅವರ "ಎಂತದು" ನುಸುಳಿದರೂ ಯಾರೂ ನಗಲಿಲ್ಲ. ಹಿಂದಿನ ಸಾಲಿನವರು ಚಿಪ್ಸ್ ತಿನ್ನುವುದನ್ನೂ ನಿಲ್ಲಿಸಿದ್ದರು. ಕೊನೆಗೂ ಆ ದೃಶ್ಯ ಬಂತು. ಅಜ್ಜಿ ಸೊಂಟದಿಂದ ಕೀಲಿ ತೆಗೆದಳು. ಬಾಗಿಲ ಕಡೆ ತಿರುಗಿದಳು. ಪರದೆ ಬಿತ್ತು.

ಪರದೆ ಎಳೆಯುವವನು ಎಡವಟ್ಟು ಮಾಡಿದನೆಂದು ನಾನು ಓಡಿದೆ. ಅಷ್ಟರಲ್ಲಿ ಮೈಕಿನಲ್ಲಿ ಅಧ್ಯಕ್ಷರ ಧ್ವನಿ ಬಂತು: "ಸ್ನೇಹಿತರೇ, ಒಂದೇ ನಿಮಿಷ! ಈಗೊಂದು ಸರ್ಪ್ರೈಸ್! ನಾಟಕ ಮುಗಿದರೆ ನೀವೆಲ್ಲ ಊಟದ ಪೊಟ್ಟಣಕ್ಕೆ ಓಡ್ತೀರಿ, ಅದಕ್ಕೇ ಈಗಲೇ ಇಟ್ಕೊಂಡಿದ್ದೀವಿ. ನಮ್ಮ ಪ್ರೀತಿಯ ಸಿಸ್ಟರ್‌ಗೆ ಬೀಳ್ಕೊಡುಗೆಯ ಸನ್ಮಾನ!"

ಪರದೆ ಮತ್ತೆ ಎದ್ದಿತು. ಸಿಸ್ಟರನ್ನು ಕುರ್ಚಿಯಲ್ಲಿ ಕೂರಿಸಿದರು. ವಿಗ್ಗಿನ ಮೇಲೆಯೇ ಮೈಸೂರು ಪೇಟ ಇಟ್ಟರು. ಶಾಲು, ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಕೈಯಲ್ಲಿ ಕೀಲಿ ಹಾಗೇ ಇತ್ತು. ಮಹಿಳಾ ವಿಭಾಗದವರು ಮಾತಾಡಿದರು, ಕ್ರೀಡಾ ವಿಭಾಗದವರು ಮಾತಾಡಿದರು, ಅವರನ್ನು ನೋಡಿ ಯುವ ವಿಭಾಗದವರಿಗೂ ಹುರುಪು ಬಂತು. ಒಬ್ಬರಂತೂ, "ಇವರ ಅಭಿನಯ ನೋಡುವುದೇ ನಮ್ಮ ಪುಣ್ಯ, ಎಷ್ಟು ನೋಡಿದರೂ ಸಾಲದು," ಎಂದು ಮುಗಿಸುವ ಲಕ್ಷಣವೇ ಇಲ್ಲದೆ ಹೊಗಳಿದರು. ನೋಡಲು ಬಿಡು ಮಹಾರಾಯ, ನೋಡಲು ಬಿಡು ಎಂದು ನಾನು ಪರದೆಯ ಹಿಂದೆ ಹಲ್ಲು ಕಡಿದೆ.

ನಮ್ಮವರು ಮೆಲ್ಲಗೆ ಬಂದು, "ಮೈಕಿನ ವೈರ್ ಕೀಳ್ಲೇನು?" ಎಂದರು.

"ಕೀಳ್ರಿ!"

ಕಿತ್ತರು. ನಮ್ಮ ಸಂಘದವರು ಮುಂದಾಲೋಚನೆಯವರು, ಇನ್ನೊಂದು ಮೈಕ್ ಇಟ್ಟಿದ್ದರು. ಅದರಲ್ಲಿ ಅಧ್ಯಕ್ಷರು ಸಿಸ್ಟರ್‌ರ ಕೈಗೆ ಸನ್ಮಾನಪತ್ರ ಕೊಡುತ್ತ "ಇವರನ್ನು ನಾವು ಎಂದಿಗೂ ಮರೆಯುವುದಿಲ್ಲ" ಎನ್ನುವಾಗ ಹಾರಿಸ್ ಬಾಗಿಲಲ್ಲಿ ಕಾಣಿಸಿಕೊಂಡ. "ಖಲಾಸ್! ಖಲಾಸ್! ಯಲ್ಲಾ!" ದೀಪ ಹೋಯಿತು. ಕತ್ತಲಲ್ಲಿ ಫೋನುಗಳ ಬೆಳಕು ಊಟದ ಪೊಟ್ಟಣಗಳ ಕಡೆ ನಡೆಯಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಳುವೇ ಬಂದುಬಿಟ್ಟಿತು.

ಹೊರಗೆ ಅಧ್ಯಕ್ಷರು ಸಿಕ್ಕು, "ಎಷ್ಟು ಎಮೋಷನಲ್ ಆಗಿತ್ತು ಅಲ್ವಾ ಮೇಡಂ? ಅಂದಹಾಗೆ, ಆ ಕೋಣೇಲಿ ಏನಿತ್ತು?" ಎಂದು ಕೇಳಿದರು. ನಾನು ಬೆನ್ನು ತಿರುಗಿಸಿ ಕಾರಿನ ಕಡೆ ನಡೆದೆ. ಉತ್ತರ ಕೊಟ್ಟಿದ್ದರೆ ಅದು ಅಚ್ಚಿಗೆ ಯೋಗ್ಯವಾಗಿರುತ್ತಿರಲಿಲ್ಲ.

ಸಿಸ್ಟರ್ ಹೊರಡುವ ಹಿಂದಿನ ದಿನ ಫೋನ್ ಮಾಡಿ, "ಆ ಹಳೇ ಮನೆಗೆ ಒಮ್ಮೆ ಕರ್ಕೊಂಡು ಹೋಗ್ತೀಯಾ?" ಎಂದರು. ನಾನು, ನಮ್ಮವರು, ಮಗಳು ಸೇರಿ ಕರೆದೊಯ್ದೆವು. ಮಗಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. "ಮಮ್ಮಿ, ಇಟ್ಸ್ ಸೋ ಬೋರಿಂಗ್," ಎನ್ನುತ್ತಲೇ ಕಾರು ಹತ್ತಿದಳು. ಸಂಗ್ರಹಾಲಯದಲ್ಲಿ ನಮ್ಮನ್ನು ಬಿಟ್ಟರೆ ಪ್ಲಾಸ್ಟರಿನವರೇ.

ಸಿಸ್ಟರ್ ಸೀದಾ ಮೂಲೆಯ ಕೋಣೆಯ ಮುಂದೆ ಹೋಗಿ ನಿಂತರು. ಪರ್ಸಿನಿಂದ ನಮ್ಮ ಪ್ಲೈವುಡ್ ಬಾಗಿಲಿನ ಕೀಲಿ ತೆಗೆದರು. ಬೆನ್ನು ತಾನೇ ಬಾಗಿತು. ನನಗೆ ಅರ್ಥವಾಯಿತು. ಸೊಸೆಯ ಮಾತು ನಾನೇ ಹೇಳಿದೆ: "ಅತ್ತೀ, ಈಗರೆ ಬಾಗಲಾ ತಗೀರಿ. ಎಷ್ಟ ವರ್ಷ ಕಾಯೂದರಿ?"

ಅವರು ಕೀಲಿಯನ್ನು ಬೀಗದ ಹತ್ತಿರ ಒಯ್ದದ್ದೇ ತಡ, ಕಾವಲಿನ ಭಾಯಿ ಓಡಿಬಂದ. "ಅರೇ ಮೇಡಂ, ಯೇ ಕ್ಯಾ ಕರ್ ರಹೇ ಹೋ?"

"ನಾಟಕ್ ಹೈ ಭಾಯಿ, ನಾಟಕ್," ಎಂದು ನಮ್ಮವರು ಅವನ ಹೆಗಲ ಮೇಲೆ ಕೈಯಿಟ್ಟರು. ಆತ ಸಿಸ್ಟರ್‌ರ ಮುಖವನ್ನೊಮ್ಮೆ ನೋಡಿದ. ಏನು ತಿಳಿಯಿತೋ, ತನ್ನ ಕೀಲಿ ತೆಗೆದು ತಾನೇ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತ.

ಒಳಗೆ ಬಕೆಟ್ಟು, ನೆಲ ಒರೆಸುವ ಕೋಲು, ಚಹಾದ ಕೆಟಲು, ಪ್ಲಾಸ್ಟರಿನ ಯಾವನದೋ ಮುರಿದ ತೋಳು. ಸಿಸ್ಟರ್ ಬಹಳ ಹೊತ್ತು ನೋಡಿದರು. ನಾನು ಬರೆದುಕೊಟ್ಟ ಮಾತನ್ನು ಅವರು ತಿಂಗಳುಗಟ್ಟಲೆ ನಮ್ಮ ಧಾರವಾಡ ಕಡೆಯ ಮಾತಿನಲ್ಲೇ ಬಾಯಿಪಾಠ ಮಾಡಿದ್ದರು. ಈಗ ನಮ್ಮ ಕಡೆ ತಿರುಗಿ ತಮ್ಮ ಮಾತಿನಲ್ಲಿ ಹೇಳಿದರು:

"ಒಳಗೆ ಎಂತದೂ ಇಲ್ಲ ನೋಡಿ. ಬೀಗ ಉಂಟು ಅಂತ ನೀವೆಲ್ಲ ನನ್ನ ಹತ್ರ ಬರ್ತಿದ್ರಿ. ತೆಗೆದಿಟ್ಟಿದ್ರೆ ಯಾರು ಬರ್ತಿದ್ರಿ?"

ಬರೆದವಳು ನಾನೇ. ಆದರೂ ಆ ಮಾತನ್ನು ಅಂದೇ ಮೊದಲ ಸಲ ಕೇಳಿದ ಹಾಗಾಯಿತು. ಮೊದಲು ಚಪ್ಪಾಳೆ ತಟ್ಟಿದವನು ಒಂದು ಅಕ್ಷರ ಕನ್ನಡ ಬಾರದ ಭಾಯಿ. ಮಗಳು ಹೋಗಿ ಸಿಸ್ಟರ್‌ರ ಕೈ ಹಿಡಿದುಕೊಂಡಳು. ನಮ್ಮವರು ಎ.ಸಿ. ನೋಡುವ ನೆಪ ಮಾಡಿ ಆ ಕಡೆ ತಿರುಗಿದರು.

ಮರಳುವಾಗ ಕಾರಿನಲ್ಲಿ ಸಿಸ್ಟರ್ ಮೂಗು ಒರೆಸಿಕೊಂಡು, "ಒಳಗೆ ಎಂತ ಇತ್ತು ಅಂತ ಯಾರಿಗೂ ಹೇಳ್ಬೇಡ, ಆಯ್ತಾ? ಕೇಳಿದವರಿಗೆ ನನ್ನ ಊರಿನ ನಂಬರ್ ಕೊಡು," ಎಂದರು.

ಅವರು ವಿಮಾನ ಹತ್ತಿದ ದಿನವೇ ಗುಂಪಿನಿಂದ ಅವರ ಹೆಸರು ಹೋಯಿತು. ಅವರು ಹೇಳಿದ ಹಾಗೆಯೇ. ಆದರೆ ತರಕಾರಿ ಅಂಗಡಿಯಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ಎಲ್ಲಿ ಸಿಕ್ಕರೂ ಜನ ನನ್ನನ್ನು ಬಿಡಲಿಲ್ಲ: "ಆ ಕೋಣ್ಯಾಗ ಏನಿತ್ರೀ?" ನಾನು ನಂಬರ್ ಕೊಟ್ಟು ಕಳಿಸಿದೆ. ನಿಮಗೆ ಹೇಳಿಬಿಟ್ಟಿದ್ದೇನೆ, ದಯವಿಟ್ಟು ಕುವೈತಿನವರ ಕಿವಿಗೆ ಹಾಕಬೇಡಿ.

ಮೊನ್ನೆ ಅಧ್ಯಕ್ಷರೇ ಫೋನ್ ಮಾಡಿದ್ದರು. "ಏನ್ ಮೇಡಂ ಇದು, ಸಿಸ್ಟರ್ ಹೇಳ್ತಾನೇ ಇಲ್ಲ! ಪ್ರತಿ ಸಲಾನೂ ನನ್ನ ಶುಗರ್ ಎಷ್ಟಿದೆ ಕೇಳ್ತಾರೆ, ಮಕ್ಕಳ ವಿಷಯ ಕೇಳ್ತಾರೆ, ತಮ್ಮನೆ ಬೆಕ್ಕು ಮರಿ ಹಾಕಿದ್ದು ಹೇಳ್ತಾರೆ. ಕೋಣೆ ವಿಷಯ ಎತ್ತಿದ್ರೆ ಮುಂದಿನ ವಾರ ಹೇಳ್ತೇನೆ ಅಂತಾರೆ. ನೀವಾದ್ರೂ ಹೇಳಿ, ಒಳಗೆ ಏನಿತ್ತು?"

"ನನಗೇನ ಗೊತ್ತರಿ," ಅಂದೆ. "ಮುಂದಿನ ವಾರ ಫೋನ್ ಮಾಡಿ ಅವರನ್ನೇ ಕೇಳ್ರಿ."