ಚಾದರದ ಮಡಿಕೆಯಲ್ಲಿ

ನನ್ನ ಅಣ್ಣನ ಹೆಬ್ಬೆರಳಿನ ಉಗುರುಸಂದಿಯಲ್ಲಿ ಯಾವಾಗಲೂ ನೀಲಿ ಸೀಮೆಸುಣ್ಣ ಇರುತ್ತಿತ್ತು. ಕೊಟ್ಟೂರಿನಲ್ಲಿ ಅವನದು ಹೊಲಿಗೆ ಅಂಗಡಿ. ಅಳತೆ ಕೊಡುವಾಗ ಯಾರಾದರೂ ಹೊಟ್ಟೆ ಒಳಗೆಳೆದುಕೊಂಡರೆ, “ಅಳತಿಗೆ ಸುಳ್ಳು ಹೇಳಬ್ಯಾಡ್ರಿ, ನಾಳೆ ಗುಂಡಿ ಖರೆ ಹೇಳ್ತಾವು” ಎನ್ನುತ್ತಿದ್ದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಸೂಜಿ ಹಿಡಿಯಲು ಕಲಿಸಿದವನೂ ಅವನೇ.

ತೊಂಬತ್ತರ ದಶಕದ ಕೊನೆಯಲ್ಲಿ ಅವನ ಅನ್ನನಾಳದಲ್ಲಿ ಗಡ್ಡೆಯಾಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ವಿಕಿರಣ ಕೊಡಬೇಕೆಂದರು. ನಾವು ಅದನ್ನು ಕರೆಂಟು ಎನ್ನುತ್ತಿದ್ದೆವು. ಎದೆಯ ಮೇಲೆ ಬಣ್ಣದ ಗೆರೆ ಎಳೆದಾಗ, “ನನ್ನ ಮೈನೇ ಕತ್ತರಸಾಕ ಗೆರಿ ಹಾಕ್ಯಾರ ನೋಡು” ಎಂದು ನಕ್ಕ.

ಕಿರಣ ಎದೆಯಿಂದಲೂ ಬೆನ್ನಿನಿಂದಲೂ ಒಳಹೋಗುತ್ತಿತ್ತು. ಲೋಹ ಇರಬಾರದೆಂದು ಕೊರಳಿನ ಇಷ್ಟಲಿಂಗ ತೆಗೆಸಿದರು. ಅಣ್ಣ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಸುಮ್ಮನೆ ನನ್ನ ಕೈಗೆ ಕೊಟ್ಟ. ತಡೆಯಲಾಗದೆ ಹೋದದ್ದು ನನಗೆ. ಲಿಂಗ ಮೈಬಿಟ್ಟರೆ ಜೀವ ಬಿಟ್ಟಂತೆ ಎಂದು ಅವ್ವ ಹೇಳುತ್ತಿದ್ದಳು. ಕರೆಂಟು ಕೊಡುವಾಗ ಅವನು ಮಲಗುವ ಮೇಜಿನ ಮೇಲೆ ನಮ್ಮ ಮನೆಯ ಚಾದರವನ್ನೇ ಹಾಸುತ್ತಿದ್ದರು. ಅದರ ಮಡಿಕೆಯಲ್ಲಿ ಕರಡಿಗೆ ಇಟ್ಟು ಹೊಲಿದೆ. ಲಿಂಗ ಎದೆಯ ಮಟ್ಟಕ್ಕಿಂತ ಕೆಳಗಿರಬಾರದಲ್ಲ, ಸರಿಯಾಗಿ ಬೆನ್ನಿನ ನಡುವೆ ಬರುವಂತೆ ನೋಡಿಕೊಂಡೆ.

“ಬ್ಯಾಡ ತಂಗಿ, ಅವರ ಅಳತಿ ಕೆಡತೈತಿ” ಎಂದ. ನಾನು ಅತ್ತೆ. ಅವನು ಚಾದರ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಹದಿನಾರು ದಿನ ಹಾಗೇ ನಡೆಯಿತು. ಆಮೇಲೆ ಅದೇ ಮೇಜಿನ ಮೇಲೆ ತೆಗೆದ ಒಂದು ಎಕ್ಸ್‌ರೇಯಲ್ಲಿ ಗುಂಡನೆಯ ಬಿಳಿ ಕಲೆ ಬಂತು. ಕಿರಣದ ಲೆಕ್ಕ ಹಾಕುವವರು ಚಾದರ ಬಿಚ್ಚಿಸಿ, ಹೊಲಿದವರು ಯಾರೆಂದು ಕೇಳಿದರು.

“ನಾನ್ರಿ. ಟೇಲರ್ ನಾನಲ್ಲೇನ್ರಿ?” ಎಂದ ಅಣ್ಣ.

ಅವರು ಬೈಯಲಿಲ್ಲ. “ನಮ್ಮ ಲೆಕ್ಕ ಮಾಂಸಕ್ಕೆ ಹಾಕಿದ್ದು, ಬೆಳ್ಳಿಗೆ, ಕಲ್ಲಿಗೆ ಅಲ್ಲ. ಅದು ತಾಗಿದ ಕಡೆ ಚರ್ಮ ಸುಟ್ಟಿದೆ, ಒಳಗಿನ ಗಡ್ಡೆಗೆ ಕಡಿಮೆ ಹೋಗಿದೆ” ಎಂದರು. ಎಷ್ಟು ಕಡಿಮೆ ಎಂದು ಕೇಳಿದೆ. ಈಗ ನಿಖರವಾಗಿ ಹೇಳಲಾಗದು ಎಂದರು. ಬೆನ್ನು ಸುಡುತ್ತಿದ್ದರೂ ಅಷ್ಟು ದಿನ ಅಣ್ಣ ನನಗೆ ಹೇಳಿರಲಿಲ್ಲ.

ಉಳಿದ ದಿನ ಸರಿಯಾಗಿ ಕೊಟ್ಟರು. ಆದರೂ ಗಡ್ಡೆ ಬೆಳೆಯಿತು. ಎಂಟು ತಿಂಗಳಿಗೆ ಅವನು ಹೋದ. ನನ್ನಿಂದ ಹೋದನೋ, ಹೇಗೂ ಹೋಗುತ್ತಿದ್ದನೋ, ತಿಳಿಯುವ ದಾರಿಯಿಲ್ಲ. ಆ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ.

ಕೊನೆಯ ಸ್ನಾನ ಮಾಡಿಸುವಾಗ ಬೆನ್ನಿನ ನಡುವೆ ಆ ಕಪ್ಪು ಗುಂಡು ಕಲೆ ಕಂಡಿತು. “ಶಿವನೇ ಮುದ್ರಿ ಒತ್ತ್ಯಾನ, ಪುಣ್ಯವಂತ” ಎಂದು ಬಂಧುಗಳು ಕೈಮುಗಿದರು.

ಅವರ ಜೊತೆ ನಾನೂ ಕೈಮುಗಿದೆ.