ಹಲಸಿನ ಮರಕ್ಕೆ ಸಿಕ್ಕ ವಕೀಲರು

ಹುಣಸೂರಿನ ಕೋರ್ಟಿಗೆ ಹೋಗುವ ದಾರಿ ನಮ್ಮಪ್ಪನಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತಿತ್ತು. ಪಿರಿಯಾಪಟ್ಟಣದ ಕಡೆಯ ನಮ್ಮ ಊರಿನಿಂದ ತಿಂಗಳಿಗೊಮ್ಮೆ ಬೆಳ್ಳಗೆ ಒಗೆದ ಪಂಚೆ ಉಟ್ಟು, ಗಾಡಿ ಕಟ್ಟಿಸಿಕೊಂಡು ಹೊರಡುತ್ತಿದ್ದರು. ಬದುವಿನ ಮೇಲೊಂದು ಹಲಸಿನ ಮರ. ಅದು ನಮ್ಮದೋ ಪಕ್ಕದ ಹೊಲದವರದೋ ಎಂದು ಐದು ವರ್ಷದಿಂದ ವ್ಯಾಜ್ಯ. ವಕೀಲರ ಮನೆಗೆಂದು ಗಾಡಿಯಲ್ಲಿ ತುಪ್ಪದ ಗಡಿಗೆ, ಸೊಗಡಿನ ಅವರೆಕಾಯಿ. "ಅಕ್ಕು ಅಂದ್ರೆ ಅಕ್ಕು ಕಣ್ರಯ್ಯ, ಬುಟ್ಟುಕೊಡಕ್ಕಾಯ್ತದಾ?" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಆ ಹಕ್ಕಿನ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನ ಅಕ್ಕನನ್ನು ಹನಗೋಡಿಗೆ ಕೊಟ್ಟಿದ್ದರು. ಮಗಳಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಭಾವ ಚಳಿಜ್ವರದಲ್ಲಿ ತೀರಿಕೊಂಡರು. ತಿಥಿಯ ದಿನ ನಾವೆಲ್ಲ ಅಲ್ಲಿದ್ದೆವು. ಉಂಡವರ ಕೈ ಇನ್ನೂ ಒಣಗಿರಲಿಲ್ಲ, ಭಾವನ ಅಣ್ಣ ಊರ ಯಜಮಾನರನ್ನು ಜಗಲಿಯ ಮೇಲೆ ಕೂರಿಸಿ, ಮೊದಲೇ ಬರೆಸಿಟ್ಟಿದ್ದ ಕಾಗದ ತೆಗೆದ. ಅಕ್ಕ ಆ ಮನೆಯಲ್ಲಿ ಇರುವಷ್ಟು ದಿನ ಅನ್ನ, ಬಟ್ಟೆ. ತವರಿಗೆ ಹೋದರೆ ಆಸ್ತಿಯೂ ಇಲ್ಲ, ಮಗಳೂ ಇಲ್ಲ. ಓದಿದವನು ಮಂತ್ರ ಗೊಣಗಿದ ಹಾಗೆ ಗೊಣಗಿ ಮುಗಿಸಿದ.

"ಏನಪ್ಪ ಬರ್ದವ್ರೆ?" ಎಂದು ಅಕ್ಕ ಬಾಗಿಲ ಮರೆಯಿಂದ ಕೇಳಿದಳು.

ಯಜಮಾನರು ಅಪ್ಪನ ಮುಂದೆ ವೀಳ್ಯದ ತಟ್ಟೆ ನೂಕಿದರು. ನಮ್ಮ ಕಡೆ ವೀಳ್ಯ ಎತ್ತಿಕೊಂಡರೆ ಒಪ್ಪಿದ ಹಾಗೆ. ತಿಥಿಯ ದಿನ ಬೇಡ ಎಂದರೆ ಸತ್ತವರಿಗೆ ಅವಮಾನ ಮಾಡಿದ ಹಾಗೆ. ಇದು ಗೊತ್ತಿದ್ದೇ ಭಾವನ ಅಣ್ಣ ಆ ದಿನ ಹುಡುಕಿದ್ದ, ಖದೀಮ! ಒಂದು ಮರಕ್ಕೆ ಐದು ವರ್ಷ ಗುದ್ದಾಡಿದ ನಮ್ಮಪ್ಪ ತುಟಿ ಪಿಟಕ್ಕೆನ್ನದೆ ಎರಡು ಎಲೆ, ಒಂದು ಅಡಿಕೆ ಎತ್ತಿಕೊಂಡರು. "ದೊಡ್ಡೋರು ಕೂತವ್ರೆ, ಒತ್ತವ್ವ" ಅಂದರು. ಅಕ್ಕ ಹೆಬ್ಬೆಟ್ಟು ಒತ್ತಿದಳು. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಅಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ಆರು ತಿಂಗಳೂ ಆ ಮನೆಯವರು ಅಕ್ಕನನ್ನು ಇರಗೊಡಲಿಲ್ಲ. ಮೊದಲು ಚುಚ್ಚು ಮಾತು, ಆಮೇಲೆ ಹೊಡೆತ. ಅವಳಾಗಿ ಹೊರಡಲಿ ಎಂದೇ ಆ ಕಾಗದ ಬರೆಸಿದ್ದು. ಒಂದು ಮಧ್ಯಾಹ್ನ ಒಬ್ಬಳೇ ನಡೆದು ಬಂದು ಪಡಸಾಲೆಯಲ್ಲಿ ಕುಸಿದಳು.

"ಮಗೀನ ಕಿತ್ಕೊಂಡ್ರು ಕಣಪ್ಪ. ನಿನ್ ವಕೀಲ್ರನ್ನ ಒಂದ್ ಮಾತು ಕೇಳಪ್ಪ."

"ಮನೆ ಮಾತ ಕೋರ್ಟ್ಗೆ ಆಕುದ್ರೆ ನಿನ್ ತಂಗೀನ ಯಾರವ್ವ ಮದ್ವೆ ಆಯ್ತಾರೆ? ಅವಳ್ದೊಂದು ಆಗೋಗ್ಲಿ, ತಡ್ಕೊ."

ನೋಡಿ, ನನ್ನ ಹೆಸರು ಹೇಳಿ ತಪ್ಪಿಸಿಕೊಂಡರು! ಗಂಡಸರು ಬದುವಿಗೆ, ಬಚ್ಚಲ ನೀರಿಗೆ ಕೋರ್ಟು ಹತ್ತಿದರೆ ಪೌರುಷ. ಹೆಂಗಸು ತಾನು ಹೆತ್ತ ಮಗುವಿಗಾಗಿ ಹತ್ತಿದರೆ ಮಾನ ಹೋಗುತ್ತದಂತೆ. ಥೂ! ಅಪ್ಪ ಮೂರು ಸಲ ಪಂಚಾಯ್ತಿ ಸೇರಿಸಿದರು. ಮೂರು ಸಲವೂ ಒಂದೇ ಮಾತು: "ವೀಳ್ಯ ಎತ್ಕಂಡಾಯ್ತಲ್ಲ, ಇನ್ನೇನು?"

ನನಗೆ ಗಂಡು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಮದುವೆಯಾದ ತಿಂಗಳಿಗೇ ಗಂಡನನ್ನು ಕಾಡಿ ಬೇಡಿ ಹೊರಡಿಸಿ, ಅಕ್ಕನನ್ನು ಕರೆದುಕೊಂಡು ಹುಣಸೂರಿನ ಆ ವಕೀಲರ ಮನೆ ಮೆಟ್ಟಿಲು ಹತ್ತಿದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಮಗುವನ್ನ ಹಾಗೆಲ್ಲ ಕಾಗದದಲ್ಲಿ ಬರೆದುಕೊಡೋಕಾಗಲ್ಲಮ್ಮ. ಹೆಬ್ಬೆಟ್ಟು ಒತ್ತೋ ಮುಂಚೆ ಬರಬೇಕಿತ್ತು. ಹೋಗಲಿ, ಮಗು ಕಿತ್ತುಕೊಂಡ ವಾರ ಬಂದಿದ್ದರೂ ಆಗ್ತಿತ್ತು. ನಿಮ್ಮ ತಂದೆ ತಿಂಗಳು ತಿಂಗಳೂ ಇದೇ ಬೆಂಚಿನ ಮೇಲೆ ಕೂತು ಮರದ ಕತೆ ಹೇಳ್ತಿದ್ರಲ್ಲ! ಹೀಗೊಬ್ಬಳು ಮಗಳಿದ್ದಾಳೆ ಅಂತ ಒಂದು ದಿನವೂ ಹೇಳಲಿಲ್ಲ."

ಅಕ್ಕ ಆ ಬೆಂಚನ್ನೇ ನೋಡುತ್ತಿದ್ದಳು.

ಅರ್ಜಿ ಹಾಕಿ, ಮೈಸೂರಿನ ಕೋರ್ಟಿಗೆ ಮಗುವನ್ನು ಕರೆಸುವಷ್ಟರಲ್ಲಿ ಇನ್ನೊಂದು ವರ್ಷ. ಅಕ್ಕ ಅಂದಾಜಿನ ಅಳತೆಯಲ್ಲಿ ಒಂದು ಲಂಗ ಹೊಲಿಸಿಕೊಂಡು ಬಂದಿದ್ದಳು. ಯಾರ ಜೊತೆ ಹೋಗುತ್ತೀಯ ಎಂದು ಜಡ್ಜಿ ಮೆತ್ತಗೆ ಕೇಳಿದರು. ಮಗು ತನ್ನ ದೊಡ್ಡಮ್ಮನ, ಭಾವನ ಅಣ್ಣನ ಹೆಂಡತಿಯ, ಸೆರಗು ಹಿಡಿದುಕೊಂಡು "ನಮ್ಮವ್ವನ್ ಜೊತೆ" ಎಂದಿತು. ಆಮೇಲೆ ಅಕ್ಕನ ಕಡೆ ಕೈ ತೋರಿಸಿ, "ಆಯಮ್ಮ ಯಾಕವ್ವ ಅಳ್ತಾವ್ಳೆ?" ಎಂದು ದೊಡ್ಡಮ್ಮನನ್ನೇ ಕೇಳಿತು. ಮಗು ಅವರ ಹತ್ತಿರವೇ ಉಳಿಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರು ನಾವು. ಈಗ ಯಾರಾದರೂ ಹೆಂಗಸು ಬಂದು, ದೊಡ್ಡವರು ಕೂತು ಮಾತಾಡುತ್ತಾರಂತೆ ಎಂದರೆ ನಾನು ಹೇಳುವುದಿಷ್ಟೇ: ಕೂರಲಿ ತಾಯಿ, ಅವರು ಕೂರುವ ಮುಂಚೆ ನೀನು ವಕೀಲರ ಮನೆಗೆ ಹೋಗಿ ಬಾ.

ಹಲಸಿನ ಮರದ ಕೇಸು ಆ ವರ್ಷವೇ ನಮ್ಮ ಕಡೆ ಆಯಿತು. ಅಪ್ಪ ಊರಿಗೆಲ್ಲ ಹಣ್ಣು ಹಂಚಿ, ನನ್ನ ಮನೆಗೂ ಆಳಿನ ಕೈಲಿ ಒಂದು ಕಳಿಸಿದರು. ಹನಗೋಡಿನ ಮೊಮ್ಮಗಳಿಗೆ ಕೊಡಲಿ ಎಂದು ಹೇಳಿ, ಹೊತ್ತುತಂದವನ ತಲೆಯ ಮೇಲೇ ವಾಪಸು ಹೊರಿಸಿ ಕಳಿಸಿದೆ.